ಕತೆಯ ಮೊದಲ ಮಾತು

ಕತೆ ಬರೆಯಲು ತೊಡಗಿದ ತರುಣರು ಮೊದಲ ವಾಕ್ಯದಲ್ಲಿಯೇ ಓದುಗನನ್ನು ಬೆಚ್ಚಿಬೀಳಿಸಬೇಕೆಂದು ಹಂಬಲಿಸುವುದುಂಟು. ಅದಕ್ಕಾಗಿ ಒಂದು ಹೆಣವನ್ನೋ ಒಂದು ಚೀತ್ಕಾರವನ್ನೋ ಬಾಗಿಲಲ್ಲೇ ತಂದಿಡುತ್ತಾರೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಚೀತ್ಕಾರ ಅಡಗಿ, ಕತೆ ಬೇರೆಲ್ಲಿಗೋ ಹೊರಟಿರುತ್ತದೆ. ಓದುಗನಿಗೆ ಉಳಿಯುವುದು ಮೋಸಹೋದ ಭಾವ ಮಾತ್ರ. ಹಾಗಾದರೆ ಆರಂಭದ ನಿಜವಾದ ಬೆರಗು ಯಾವುದು?

ನಮ್ಮ ಹಳೆಯ ಗದ್ಯಕೃತಿಯಾದ ವಡ್ಡಾರಾಧನೆಯನ್ನು ನೋಡೋಣ. ಅದರ 19 ಕತೆಗಳೂ ಒಂದೊಂದು ಪ್ರಾಕೃತ ಗಾಹೆಯಿಂದ ಮೊದಲಾಗುತ್ತವೆ. ಸುಕುಮಾರಸ್ವಾಮಿಯ ಕತೆಯ ಗಾಹೆಯಂತೂ, ನರಿಯೊಂದು ಮೂರು ರಾತ್ರಿ ತಿನ್ನುತ್ತಿದ್ದರೂ ಆತ ಧ್ಯಾನದಿಂದ ಕದಲಲಿಲ್ಲವೆಂದು ಮೊದಲೇ ಹೇಳಿಬಿಡುತ್ತದೆ. ಕೊನೆಯೇ ತಿಳಿದ ಮೇಲೆ ಇನ್ನೆಲ್ಲಿಯ ಕುತೂಹಲ? ಆದರೆ ಮುಂದೆ ನಾವು ಕಾಣುವ ಸುಕುಮಾರನು, ಸಾಸಿವೆಯ ಕಾಳು ಒತ್ತಿದರೂ ನೆಮ್ಮದಿಯಾಗಿ ಕುಳಿತಿರಲಾರದ, ದೀಪವನ್ನು ಕಂಡರೆ ಕಣ್ಣೀರು ಸುರಿಸುವ ಕೋಮಲದೇಹಿ. ಅರಸನು ಅದನ್ನು ರೋಗವೆಂದೇ ತಿಳಿಯುತ್ತಾನೆ. ಸಾಸಿವೆಯನ್ನು ತಾಳದ ಮೈ ನರಿಯ ಹಲ್ಲನ್ನು ತಾಳಿದ್ದು ಹೇಗೆ? ಏನಾಯಿತೆಂಬುದನ್ನು ಬಿಟ್ಟುಕೊಟ್ಟ ಕತೆಗಾರ, ಹೇಗಾಯಿತೆಂಬುದನ್ನು ಕೈಯಲ್ಲಿ ಉಳಿಸಿಕೊಂಡಿದ್ದಾನೆ.

ದೂರದ ಜರ್ಮನ್ ಭಾಷೆಯಲ್ಲಿ ಫ್ರಾಂಜ್ ಕಾಫ್ಕಾ ಮಾಡಿದ್ದೂ ಇದಕ್ಕೆ ಸಮೀಪವಾದುದೇ. 1915ರಲ್ಲಿ ಪ್ರಕಟವಾದ ಅವನ 'ರೂಪಾಂತರ'ದ ಮೊದಲ ವಾಕ್ಯದಲ್ಲಿಯೇ ಗ್ರೆಗರ್ ಸಾಮ್ಸಾ ಕೀಟವಾಗಿ ಎಚ್ಚರಗೊಳ್ಳುತ್ತಾನೆ. ಅದು ಅಚ್ಚರಿಯೇ ಸರಿ. ಅದಕ್ಕೂ ಮಿಗಿಲಾದ ಅಚ್ಚರಿಯೆಂದರೆ, ಕೀಟವಾದವನಿಗೆ ಐದು ಗಂಟೆಯ ರೈಲು ತಪ್ಪಿತಲ್ಲಾ ಎಂಬ ಚಿಂತೆ! ಮನುಷ್ಯನನ್ನು ಆ ನೌಕರಿ ಎಂದೋ ಕೀಟವಾಗಿಸಿತ್ತೆ ಎಂಬ ಸಂದೇಹ ಅಲ್ಲಿ ಹುಟ್ಟುತ್ತದೆ. ಇಡೀ ಕತೆ ಬೆಳೆಯುವುದು ಆ ಬೀಜದಿಂದ.

ಇವೆರಡಕ್ಕೂ ಭಿನ್ನವಾದುದು ಅನಂತಮೂರ್ತಿಯವರ 'ಸಂಸ್ಕಾರ' (1965). ಪ್ರಾಣೇಶಾಚಾರ್ಯರು ರೋಗಿಯಾದ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುವುದರೊಡನೆ ಕಾದಂಬರಿ ತೊಡಗುತ್ತದೆ. ಅದು ನಿತ್ಯದ ಕೆಲಸ, ಬೆಚ್ಚಿಸುವಂಥದೇನೂ ಇಲ್ಲ. ನಾರಣಪ್ಪ ಸತ್ತ ಸುದ್ದಿಯನ್ನು ಚಂದ್ರಿ ತರುವುದು ಅನಂತರ. ಆದರೆ ಆಚಾರ್ಯರು ಕಾಡಿನ ಕತ್ತಲೆಯಲ್ಲಿ ಚಂದ್ರಿಯನ್ನು ಕೂಡಿದ ಮೇಲೆ ಓದುಗನು ಹಿಂದಿರುಗಿ ನೋಡಿದರೆ, ಆ ಸ್ನಾನದ ದೃಶ್ಯವೇ ಬೇರೆಯಾಗಿ ಕಾಣುತ್ತದೆ. ಕರ್ತವ್ಯವೆಂದು ಮಾತ್ರ ಮುಟ್ಟಿದ ಮೈ ಅದು. ಇಲ್ಲಿ ಬೆರಗು ತಡವಾಗಿ ಬರುತ್ತದೆ. ತಡವಾಗಿ ಬಂದುದರಿಂದಲೇ ಆಳಕ್ಕೆ ಇಳಿಯುತ್ತದೆ.

ಕತೆಯ ಆರಂಭವು ಓದುಗನಿಂದ ಪಡೆದ ಸಾಲವಿದ್ದಂತೆ. ಬೆಚ್ಚಿಬೀಳಿಸಿ ಪಡೆದ ಗಮನವನ್ನು ಅರ್ಥದಿಂದ ತೀರಿಸದಿದ್ದರೆ, ಎರಡನೆಯ ಬಾರಿ ಆತ ನಮ್ಮನ್ನು ನಂಬುವುದಿಲ್ಲ. ಆದ್ದರಿಂದ ಹೊಸ ಬರಹಗಾರರಲ್ಲಿ ನನ್ನದೊಂದು ಸೂಚನೆ. ಕತೆ ಮುಗಿದ ಬಳಿಕ ಮೊದಲ ವಾಕ್ಯವನ್ನು ಮತ್ತೊಮ್ಮೆ ಓದಿರಿ. ಆಗ ಅದು ಮೊದಲಿಗಿಂತ ಹೆಚ್ಚಿನದನ್ನು ಹೇಳಿದರೆ ಉಳಿಸಿಕೊಳ್ಳಿರಿ. ಬರಿಯ ಸದ್ದಾಗಿ ಕೇಳಿದರೆ ಹೊಡೆದುಹಾಕಿರಿ. ಆರಂಭವನ್ನು ಬರೆಯುವುದು ಮೊದಲಾದರೂ ಅದನ್ನು ತಿದ್ದಬೇಕಾದುದು ಕೊನೆಯಲ್ಲಿ.