ಪಹಣಿಯಲ್ಲಿ ತಾತ, ಸೊಸೈಟಿ ಬಾಗಿಲಲ್ಲಿ ಮೊಮ್ಮಗ



ಈ ಸರಣಿಗೆ ಕೇಳುಗರಿಂದ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ಬಸವನಗುಡಿಯಿಂದ ಬಂದರೂ ಅದೇ, ಮಲ್ಲೇಶ್ವರದಿಂದ ಬಂದರೂ ಅದೇ. "ಬಡ್ಡಿಯೇ ಇಲ್ಲದ ಬೆಳೆಸಾಲ ಇದೆ ಅಂತ ಪೇಪರಿನಲ್ಲಿ ಓದುತ್ತೇವೆ. ಊರಲ್ಲಿರೋ ನಮ್ಮ ತಮ್ಮ ಮಾತ್ರ ಇವತ್ತಿಗೂ ನೂರಕ್ಕೆ ಮೂರು ರೂಪಾಯಿಯಂತೆ ಕೈಸಾಲ ತರುತ್ತಾನೆ. ಸೊಸೈಟಿಯವರು ಅವನಿಗೆ ಯಾಕೆ ಕೊಡೋದಿಲ್ಲ?"

ನೂರಕ್ಕೆ ಮೂರು ಅಂದರೆ ತಿಂಗಳಿಗೆ ಮೂರು. ಒಂದು ಲಕ್ಷ ತಂದವನು ವರ್ಷಕ್ಕೆ 36 ಸಾವಿರ ಬಡ್ಡಿ ಕಟ್ಟಬೇಕು. ಅದೇ ಲಕ್ಷ ಊರಿನ ಸಹಕಾರ ಸೊಸೈಟಿಯಲ್ಲಿ ಸಿಕ್ಕಿ, ಗಡುವಿನೊಳಗೆ ಕಟ್ಟಿದರೆ ಬಡ್ಡಿ ಸೊನ್ನೆ. 3 ಲಕ್ಷದವರೆಗಿದ್ದ ಈ ಸೊನ್ನೆ ಬಡ್ಡಿ ಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಹಾಗಂತ ಎಲ್ಲರಿಗೂ 5 ಲಕ್ಷ ಸಿಗುವುದಿಲ್ಲ. ಯಾವ ಬೆಳೆಗೆ ಎಕರೆಗೆ ಎಷ್ಟು ಅಂತ ಜಿಲ್ಲಾ ಮಟ್ಟದಲ್ಲಿ ಗೊತ್ತುಮಾಡಿರುತ್ತಾರೆ.

ನನ್ನ ಮನೆ ಚಾಮರಾಜಪೇಟೆಯಲ್ಲಿ. ಬೆಳಗಿನ ವಾಕಿಂಗಿಗೆ ಪಂಪ ಮಹಾಕವಿ ರಸ್ತೆ ಹಿಡಿದರೆ ಸಾಹಿತ್ಯ ಪರಿಷತ್ತು ಸಿಗುತ್ತದೆ, ಅದೇ ರಸ್ತೆಯಲ್ಲಿ ಅಪೆಕ್ಸ್ ಬ್ಯಾಂಕೂ ಸಿಗುತ್ತದೆ. ಎರಡೂ 1915ರಲ್ಲಿ ಹುಟ್ಟಿದವು. ಪರಿಷತ್ತಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿದ್ದಾರೆ, ಅಪೆಕ್ಸ್ ಬ್ಯಾಂಕಿನ ಮುಂದೆ ಯಾರೂ ನಿಲ್ಲುವುದಿಲ್ಲ. ಆದರೆ ನಿಮ್ಮ ತಮ್ಮನ ಕೈಗೆ ಬರಬೇಕಾದ ದುಡ್ಡು ಈ ಬೀದಿ ಹಾದೇ ಹೋಗಬೇಕು. ರಾಷ್ಟ್ರೀಯ ಕೃಷಿ ಬ್ಯಾಂಕಾದ ನಬಾರ್ಡಿನಿಂದ ಅಪೆಕ್ಸ್ ಬ್ಯಾಂಕಿಗೆ, ಅಲ್ಲಿಂದ 21 ಡಿಸಿಸಿ, ಅಂದರೆ ಜಿಲ್ಲಾ ಸಹಕಾರ ಬ್ಯಾಂಕುಗಳಿಗೆ, ಅಲ್ಲಿಂದ ಹಳ್ಳಿಯ ಸೊಸೈಟಿಗೆ. ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದ್ದೂ ನಮ್ಮವರೇ; ಗದಗದ ಹತ್ತಿರ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರು.

ಮೇಲಿನಿಂದ ನೀರು ಕಡಿಮೆ ಬಿಟ್ಟರೆ ಕೊನೆಯ ತೂಬು ಒಣಗುತ್ತದೆ, ಅದೂ ನಿಜ. 2024-25ರಲ್ಲಿ ನಬಾರ್ಡ್ ನಮ್ಮ ರಾಜ್ಯಕ್ಕೆ ಕೊಡುವ ರಿಯಾಯಿತಿ ಬಡ್ಡಿಯ ಹಣ ಹಿಂದಿನ ವರ್ಷದ 5,600 ಕೋಟಿಯಿಂದ 2,340 ಕೋಟಿಗೆ ಇಳಿಯಿತು. ಸೊಸೈಟಿ ರಾಜಕೀಯವೂ ಉಂಟು, ಬೇಕಾದವರಿಗೆ ಮೊದಲು ಮಣೆ ಹಾಕುವುದೂ ಉಂಟು. ಇಲ್ಲ ಅನ್ನುವುದಿಲ್ಲ. ಆದರೆ ಒಂದು ಜಿಲ್ಲಾ ಸಹಕಾರ ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಕಡತ ನೋಡಿದವನಾಗಿ ಹೇಳುತ್ತೇನೆ: ಅರ್ಜಿ ತಿರುಗಿ ಬರುವುದು ಬಹಳ ಸಲ ಇದಕ್ಕಲ್ಲ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಒಡೆಯನಾಗಿ ಇರುವ ಹೆಸರಿನ ಮನುಷ್ಯ ತೀರಿಕೊಂಡಿದ್ದಾನೆ, ಅದಕ್ಕೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾತ ಹೋದರು. ತಿಥಿ ಮಾಡಿದಿರಿ, ಫೋಟೊಗೆ ಹಾರ ಹಾಕಿದಿರಿ. ಪಹಣಿಯಲ್ಲಿ ತಾತ ಹಾಗೇ ಉಳಿದರು. ಆಮೇಲೆ ಅಪ್ಪ ಹೋದರು. ಈಗ ಉಳುತ್ತಿರುವವನು ಮೊಮ್ಮಗ, ಕಾಗದದಲ್ಲಿ ಒಡೆಯ ತಾತ. ಸೊಸೈಟಿಯವರು ಸಾಲ ಯಾರಿಗೆ ಕೊಡಬೇಕು? ಉಳುವವನಿಗೆ ಕೊಡೋಣವೆಂದರೆ ಅವನ ಹೆಸರಿಲ್ಲ. ಹೆಸರಿರುವವರಿಗೆ ಕೊಡೋಣವೆಂದರೆ ಅವರಿಲ್ಲ. ಹಿಂದೆ ಕಾರ್ಯದರ್ಶಿ ಊರಿನವನೇ ಆಗಿದ್ದರೆ, ಯಾರ ಮನೆ ಹುಡುಗ ಅಂತ ಗೊತ್ತಿದ್ದರೆ, ಕಣ್ಣುಮುಚ್ಚಿ ಬರೆದುಕೊಳ್ಳುತ್ತಿದ್ದ. ಈಗ ಎಲ್ಲದಕ್ಕೂ ಫ್ರೂಟ್ಸ್ ಅನ್ನುವ ಸರ್ಕಾರಿ ರೈತ ನೋಂದಣಿಯ ನಂಬರು ಬೇಕು, ಫ್ರೂಟ್ಸ್ ನಂಬರಿಗೆ ಆಧಾರ್ ಬೇಕು. ತಾತನಿಗೆ ಆಧಾರ್ ಎಲ್ಲಿಂದ ತರೋಣ?

ಬರೀ ಸಾಲವಲ್ಲ. ಬರ ಪರಿಹಾರ, ಬೆಳೆ ವಿಮೆ, ಎಲ್ಲವೂ ಆ ಹೆಸರನ್ನು ಹುಡುಕಿಕೊಂಡೇ ಬರುತ್ತವೆ. ಹೆಸರು ಸತ್ತವರದಾದರೆ ದುಡ್ಡು ಬಾಗಿಲವರೆಗೆ ಬಂದು ವಾಪಸ್ಸು ಹೋಗುತ್ತದೆ.

ಈ ತೊಡಕಿನ ಪರಿಹಾರಕ್ಕೆ ಹೆಸರಿದೆ: ಪೌತಿ ಖಾತೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ನಾಡಕಚೇರಿಯಲ್ಲಿ ಒಂದು ಅರ್ಜಿ. ಕಂದಾಯ ಇಲಾಖೆ ಈಗ ಇ-ಪೌತಿ ಅಂತ ಆಂದೋಲನವನ್ನೇ ನಡೆಸುತ್ತಿದೆ. ಇಷ್ಟು ಸಲೀಸಾದ ಕೆಲಸ ನಿಲ್ಲುವುದು ಎಲ್ಲಿ? ಹಳ್ಳಿಯಲ್ಲಲ್ಲ ಸ್ವಾಮಿ, ಇಲ್ಲಿ. ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ, ಮಲ್ಲೇಶ್ವರದ ಕ್ರಾಸುಗಳಲ್ಲಿ. ವಂಶವೃಕ್ಷದಲ್ಲಿ ನಿಮ್ಮ ಹೆಸರೂ ಇದೆ, ನಿಮ್ಮ ಅಕ್ಕನ ಹೆಸರೂ ಇದೆ. ಖಾತೆ ಎಲ್ಲರ ಹೆಸರಿಗೆ ಜಂಟಿಯಾಗಿ ಬಂದ ಮೇಲೆ ಸಾಲಕ್ಕೆ ಎಲ್ಲರ ಒಪ್ಪಿಗೆ ಬೇಕು. ಆ ಒಪ್ಪಿಗೆಗೆ ನಿಮಗೆ ಪುರುಸೊತ್ತಿಲ್ಲ.

ಬೇರೆಯವರನ್ನು ಬೈಯುವ ಮೊದಲು ನನ್ನದನ್ನೂ ಹೇಳಿಬಿಡುತ್ತೇನೆ. ನಮ್ಮೂರು ಕುಣಿಗಲ್ ಕಡೆ. ಅಪ್ಪ ಹೋಗಿ ಏಳು ವರ್ಷವಾದರೂ ಮೂರೂವರೆ ಎಕರೆ ತಾತನ ಹೆಸರಲ್ಲೇ ಇತ್ತು. ಅಣ್ಣ ಒಂದು ದಿನ ಬಂದ. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕು ಮಡಿಕೆಯ ಪಹಣಿ. ಮಡಿಕೆ ಬಿದ್ದಲ್ಲಿ ಹರಿದು ತಾತನ ಹೆಸರು ಎರಡು ತುಂಡಾಗಿತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದ: "ಲೋ, ಜಿಲ್ಲೆ ರೈತರ ಸಾಲಕ್ಕೆಲ್ಲ ನೀನು ಸಹಿ ಹಾಕ್ತೀಯ. ನನ್ನದಕ್ಕೆ ಯಾವಾಗ ಹಾಕೋದು?" ಮುಂದಿನ ಹಬ್ಬಕ್ಕೆ ಬರುತ್ತೇನೆ ಅಂದೆ. ಆ ಹಬ್ಬ ಎರಡು ವರ್ಷ ಬರಲಿಲ್ಲ. ಅಷ್ಟರಲ್ಲಿ ಬೋರ್‌ವೆಲ್ಲಿಗೆಂದು ಅವನು ಹೊರಗೆ ತಂದಿದ್ದ ಸಾಲದ ಬಡ್ಡಿ ಅಸಲಿನ ಹತ್ತಿರ ಬಂದಿತ್ತು.

ನಾನು ಸಹಿ ಮುಂದೂಡಿದ್ದಕ್ಕೆ ಪುರುಸೊತ್ತಿಲ್ಲದ್ದು ಅರ್ಧ ಕಾರಣ. ಇನ್ನರ್ಧ, ಸಹಿ ಹಾಕಿದರೆ ಪಾಲು ಹೋಗುತ್ತದೋ ಏನೋ ಅನ್ನುವ ಅಳುಕು. ಬ್ಯಾಂಕಿನವನಾದ ನನಗೇ! ಈ ಅಳುಕನ್ನು ನೂರು ಸಲ ಕೇಳಿ ನನಗೆ ಸಾಕಾಗಿದೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಖಾತೆ ಕಂದಾಯದ ಲೆಕ್ಕ. ಖಾತೆ ಬದಲಾದ ಮಾತ್ರಕ್ಕೆ ನಿಮ್ಮ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಸಾಲಕ್ಕೆ ಕೊಡುವ ಒಪ್ಪಿಗೆ ಪತ್ರದಿಂದ ಪಾಲು ಹೋಗುವುದಿಲ್ಲ. ಸಾಲ ಹನ್ನೊಂದನೇ ಕಾಲಂನಲ್ಲಿ ಭೂಮಿಯ ಮೇಲಿನ ಋಣವಾಗಿ ಕೂರುತ್ತದೆ, ತೀರಿಸಿದ ಮೇಲೆ ಹೋಗುತ್ತದೆ. ಪಾಲು ಹೋಗುವುದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ. ಅದು ಬೇರೆ ಕಾಗದ, ನೋಂದಣಿ ಕಚೇರಿಯಲ್ಲಿ ಆಗುವುದು. ಎರಡನ್ನೂ ಒಂದೇ ಅಂದುಕೊಂಡು, ಹಾಕಬೇಕಾದದ್ದಕ್ಕೆ ಹಾಕದೆ, ಹಾಕಬಾರದ್ದಕ್ಕೆ ಹಾಕಿ ಬಂದವರನ್ನು ನೋಡಿದ್ದೇನೆ. ಓದಿ ಸಹಿ ಹಾಕಿ. ಆದರೆ ಹಾಕಿ.

ಅಕ್ಕತಂಗಿಯರನ್ನು ವಂಶವೃಕ್ಷದಿಂದಲೇ ಬಿಟ್ಟುಬಿಟ್ಟರೆ ಕೆಲಸ ಬೇಗ ಆಗುತ್ತದೆ ಅನ್ನುವ ಬುದ್ಧಿವಂತರೂ ಇದ್ದಾರೆ. ಅದು ಬೇಗ ಆಗುವುದಿಲ್ಲ, ಕೋರ್ಟಿಗೆ ಹೋಗುತ್ತದೆ.

ಇನ್ನು ಜಮೀನನ್ನು ವಾರಕ್ಕೆ ಕೊಟ್ಟು ಇಲ್ಲಿ ಕೂತವರು. ನಮ್ಮಲ್ಲಿ 1974ರಿಂದ ಗೇಣಿ ಕೊಡುವುದಕ್ಕೇ ಕಾನೂನಿನ ತಡೆ. ಆದ್ದರಿಂದ ಮಾತೆಲ್ಲ ಬಾಯಲ್ಲೇ, ಕಾಗದದಲ್ಲಿ ಏನೂ ಇಲ್ಲ. ಬೆಳೆಸಾಲ, ಪರಿಹಾರ ಎಲ್ಲ ನಿಮ್ಮ ಹೆಸರಿಗೆ. ಗೊಬ್ಬರದ ಅಂಗಡಿಯ ಉದ್ರಿ ಉಳುವವನ ಹೆಸರಿಗೆ. ಇಂಥವರಿಗಾಗಿ ಜಂಟಿ ಬಾಧ್ಯತಾ ಗುಂಪು ಅಂತ ಇದೆ, ನಾಲ್ಕೈದು ಜನ ಸೇರಿ ಒಬ್ಬರಿಗೊಬ್ಬರು ಜವಾಬ್ದಾರರಾಗಿ ಸಾಲ ತೆಗೆಯುವುದು. ನಿಮ್ಮ ಹೊಲ ಮಾಡುವವನಿಗೆ ಅದನ್ನಾದರೂ ಹೇಳಿ.

ಹೇಳಬೇಕೆಂದು ಬರೆದುಕೊಂಡು ಬಂದದ್ದು ಇನ್ನೂ ಮೂರು ಹಾಳೆ ಇದೆ, ಗಡಿಯಾರ ಒಪ್ಪುವುದಿಲ್ಲ. ಒಂದನ್ನೇ ಹೇಳುತ್ತೇನೆ. ಸೊನ್ನೆ ಬಡ್ಡಿ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನ ತಪ್ಪಿದರೂ ರಿಯಾಯಿತಿ ಇಲ್ಲ. 2017ರಲ್ಲಿ ಮನ್ನಾ ಆಯಿತು, 2018ರಲ್ಲಿ ಆಯಿತು, ಮತ್ತೆ ಆಗುತ್ತದೆ ಅಂತ ಕಾದು ಕೂತವರು ಸುಸ್ತಿದಾರರ ಪಟ್ಟಿ ಸೇರಿ, ಮುಂದಿನ ಸಾಲವನ್ನೂ ಕಳೆದುಕೊಂಡರು.

ಕಡಲೆಕಾಯಿ ಪರಿಷೆಗೆ ಬಸವನಗುಡಿಗೆ ಬಂದು ಮೂಟೆ ಬಿಚ್ಚುವವರ ಹತ್ತಿರ ಸೇರಿಗೆ ಐದು ರೂಪಾಯಿ ಚೌಕಾಸಿ ಮಾಡುತ್ತೀರಿ. ಮಾಡಿ. ಆದರೆ ಇವತ್ತು ರಾತ್ರಿ ಊಟದ ಹೊತ್ತಿಗೆ ಊರಿಗೆ ಒಂದು ಫೋನ್ ಹಾಕಿ, ನಮ್ಮ ಪಹಣಿಯಲ್ಲಿ ಯಾರ ಹೆಸರಿದೆ ಅಂತ ಕೇಳಿ. ಸತ್ತವರ ಹೆಸರಾದರೆ, ಈ ತಿಂಗಳಲ್ಲೇ ಒಂದು ದಿನ ರಜೆ ಹಾಕಿ ನಾಡಕಚೇರಿಗೆ ಹೋಗಿ ಬನ್ನಿ.