ತರಗತಿಯ ಕಪಾಟಿಗೆ ಕಾದಂಬರಿ

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಕಾದಂಬರಿ ಆರಿಸುವ ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಮೊದಲು ನೀವೇ ಪೂರ್ತಿ ಓದಿ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ದೊಡ್ಡ ಕೃತಿ. ಆದರೆ ಅದರೊಳಗಿನ ಕ್ರೌರ್ಯ ಹನ್ನೊಂದರ ವಯಸ್ಸಿಗೆ ಭಾರ, ಹೈಸ್ಕೂಲಿಗಿರಲಿ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ದಪ್ಪ ಪುಸ್ತಕವೇ, ಆದರೂ ಚಿತ್ರದುರ್ಗದ ಕೋಟೆ ಹತ್ತಿ ಬಂದ ಎಂಟನೇ ತರಗತಿಯ ಹುಡುಗಿಯ ಕೈಗೆ ಕೊಟ್ಟು ನೋಡಿ.

ವಿಜ್ಞಾನ ಕಾದಂಬರಿ ಎಂದರೆ ನನಗೆ ಮೊದಲು ನೆನಪಾಗುವವನು ಫ್ರಾನ್ಸಿನ ಜೂಲ್ಸ್ ವರ್ನ್. ವಿದ್ಯುತ್ತಿನಿಂದ ಓಡುವ ಜಲಾಂತರ್ಗಾಮಿ ‘ನಾಟಿಲಸ್’ ಅನ್ನು ಅವನು 1870ರ ಹೊತ್ತಿಗೇ ಕಲ್ಪಿಸಿದ್ದ. ಅದರ ಕ್ಯಾಪ್ಟನ್ ನೆಮೊ ಯಾರೆಂಬ ಗುಟ್ಟು ಬಿಚ್ಚಿಕೊಳ್ಳುವುದು ಆಮೇಲಿನ ‘ನಿಗೂಢ ದ್ವೀಪ’ ಕಾದಂಬರಿಯಲ್ಲಿ. ಅವನು ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್, 1857ರಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿದವನು. ವರ್ನ್‌ನ ಕಲ್ಪನೆಯಲ್ಲಿ ನಮ್ಮ ಟಿಪ್ಪು ಸುಲ್ತಾನನ ಬಂಧು! ಟಿಪ್ಪು ಮಡಿದದ್ದು 1799ರಲ್ಲಿ. ಹಾಗಾದರೆ ಇದು ನಂಬುವಂಥದ್ದೇ ಎಂದು ಮಕ್ಕಳು ಇಸವಿ ಲೆಕ್ಕ ಹಾಕಲಿ. ನೀರಿನಡಿ ಅಷ್ಟು ಕರೆಂಟು ಎಲ್ಲಿಂದ ಬಂತೆಂದು ವಿಜ್ಞಾನದ ಟೀಚರನ್ನು ಕೇಳಲಿ.

ಸಂಗ್ರಹಾನುವಾದ ಕೊಳ್ಳುವಾಗ ಡಕ್ಕರನ ಕತೆ ಉಳಿದಿದೆಯೇ ನೋಡಿಕೊಳ್ಳಿ. ಪುಟ ಉಳಿಸಲೆಂದು ಅದನ್ನೇ ಕತ್ತರಿಸಿದ್ದರೆ, ಬೇರೆ ಪ್ರತಿ ಹುಡುಕಿ.