ಖೂಬಾ ಪ್ಲಾಟ್‌ನಲ್ಲಿ ಊಟ ಎಲ್ಲಿ ಚಲೋ? ಒಂದು ಖಾನಾವಳಿಯ ಲೆಕ್ಕದ ವಹಿ

ಬಸ್ಸಿನಲ್ಲಿದ್ದೀರೋ, ಹಾಸ್ಟೆಲ್ ರೂಮಿನಲ್ಲಿದ್ದೀರೋ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಪಾತ್ರೆ ತೊಳೀತಿದ್ದೀರೋ ಗೊತ್ತಿಲ್ಲ. ಆದ್ರೆ ಹೊಟ್ಟೆ ಹಸಿದಿದ್ರೆ ಈ ಸಂಚಿಕೆಯನ್ನ ಊಟ ಆದ ಮೇಲೆ ಕೇಳಿ. ಯಾಕಂದ್ರೆ ಇವತ್ತು ಪೂರಾ ಊಟದ ಮಾತು.

ಹೋದ ವಾರ ಒಬ್ಬ ಗೆಳೆಯ ಫೋನ್ ಮಾಡಿದ್ದ. ಮೈಸೂರಿನವನು. ಕೆಲಸದ ಮೇಲೆ ಕಲಬುರಗಿಗೆ ನಾಲ್ಕು ದಿನ ಬರ್ತಿದ್ದ. ಖೂಬಾ ಪ್ಲಾಟ್ ಹತ್ತಿರ ರೂಮ್ ಸಿಕ್ಕಿದೆ, ಅಲ್ಲಿ ಒಳ್ಳೆ ಹೋಟೆಲ್ ಯಾವುದು, ಒಂದು ಲಿಸ್ಟ್ ಕಳಿಸು ಅಂದ. ಎರಡು ನಿಮಿಷದ ಕೆಲಸ ಅಂದ್ಕೊಂಡೆ. ಲಿಸ್ಟ್ ಬರೆಯಲು ಕೂತೆ. ಮೊದಲನೇ ಹೆಸರು ಬರೆಯೋಕೆ ಹೋದ್ರೆ, ನೆನಪಾದ ಜಾಗ ಈಗ ಇಲ್ಲ. ಅದಕ್ಕೆ ಬೋರ್ಡೂ ಇರಲಿಲ್ಲ. ಮ್ಯಾಪ್‌ನಲ್ಲಿ ಅಂತೂ ಯಾವತ್ತೂ ಇರಲಿಲ್ಲ. ಆದ್ರೆ ನಾನು ಈವತ್ತು ಸಂಬಳ ತಗೊಂಡು ಜೀವನ ಮಾಡ್ತಿರೋದಕ್ಕೆ ಅದೂ ಒಂದು ಕಾರಣ.

ಆ ಕಥೆಗೆ ಬರ್ತೀನಿ. ಮೊದಲು ಗೆಳೆಯನಿಗೆ ಕಳಿಸಿದ ಲಿಸ್ಟ್ ಹೇಳಿಬಿಡ್ತೀನಿ, ನಿಮಗೂ ಕೆಲಸಕ್ಕೆ ಬರುತ್ತೆ.

ಕಲಬುರಗಿಗೆ ಹೊಸದಾಗಿ ಬಂದವರು ಮಾಡೋ ಮೊದಲ ತಪ್ಪು ಏನಂದ್ರೆ, ಎಸಿ ಇರೋ ರೆಸ್ಟೋರೆಂಟಿಗೆ ಹೋಗಿ ಪನೀರ್ ಬಟರ್ ಮಸಾಲಾ ಕೇಳೋದು. ಪನೀರ್ ಎಲ್ಲಾ ಊರಲ್ಲೂ ಸಿಗುತ್ತೆ. ಈ ಊರಿಗೆ ಅದರದ್ದೇ ಎರಡು ಅಡುಗೆಮನೆ ಅದಾವ. ಒಂದು ಜೋಳದ ರೊಟ್ಟಿಯದು. ಇನ್ನೊಂದು ದಖ್ಖನಿ ಅಡುಗೆಮನೆ. 1347ರಲ್ಲಿ ಬಹಮನಿ ಸುಲ್ತಾನರು ಇದನ್ನೇ ರಾಜಧಾನಿ ಮಾಡ್ಕೊಂಡಿದ್ರು. ಆಮೇಲೆ ನಿಜಾಮರ ಆಳ್ವಿಕೆ, 1948ರ ಸೆಪ್ಟೆಂಬರ್‌ವರೆಗೂ. ಹಾಗಾಗಿ ನಮ್ಮೂರಲ್ಲಿ ಪುಂಡಿಪಲ್ಯನೂ ನಮ್ಮದೇ, ತಹರಿನೂ ನಮ್ಮದೇ.

ತಹರಿ ಗೊತ್ತಿಲ್ಲದವರಿಗೆ ಹೇಳ್ತೀನಿ: ಮಾಂಸ, ಅಕ್ಕಿ, ಅರಿಶಿನ, ಮಸಾಲೆ ಒಂದೇ ಡೇಗ್‌ನಲ್ಲಿ ಬೇಯುತ್ತೆ. ಬಿರಿಯಾನಿ ಹಾಗೆ ಪದರ ಪದರ ಜೋಡಿಸೋದಿಲ್ಲ. ಬಣ್ಣ ಹಳದಿ. ಬಿರಿಯಾನಿ ಮದುವಿ ಮನೀದು ಅಂದ್ರೆ, ತಹರಿ ದುಡಿಯೋರದು. ದರ್ಗಾ ಕಡೆ, ಹಳೇ ಊರಿನ ಕಡೆ ಹೋದ್ರೆ ಸಣ್ಣ ಸಣ್ಣ ಹೋಟೆಲ್‌ನಲ್ಲಿ ಸಿಗುತ್ತೆ. ಖ್ವಾಜಾ ಬಂದೇ ನವಾಜ್ ಉರುಸಿಗೆ ಬಂದ್ರೆ ಆ ಓಣಿಗಳ ವಾಸನೆಗೇ ಹೊಟ್ಟೆ ಅರ್ಧ ತುಂಬುತ್ತೆ. ರಂಜಾನ್ ತಿಂಗಳಾದ್ರೆ ಸಂಜೆ ಹಲೀಮ್. ಸಿಹಿ ಬೇಕಂದ್ರೆ ಮಾಲಪುರಿ. ಮಾಮು ಜಾನ್ ಮಾಲಪುರಿ ಅಂತ ಕೇಳಿದ್ರೆ ಆಟೋದವರೇ ಕರ್ಕೊಂಡು ಹೋಗ್ತಾರೆ.

ಬೆಳಿಗ್ಗೆ ನಾಷ್ಟಾಕ್ಕೆ ಸುಸಲಾ, ಜೊತೆಗೆ ಮಿರ್ಚಿ ಭಜಿ. ಚುರುಮುರಿಯನ್ನ ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿದ್ರೆ ಸುಸಲಾ. ಸೂಪರ್ ಮಾರ್ಕೆಟ್, ಜಗತ್ ಸರ್ಕಲ್, ಬಸ್ ಸ್ಟ್ಯಾಂಡ್ ಕಡೆ ಬಂಡಿಗಳಲ್ಲಿ ನೋಡಿ. ಯಾವ ಬಂಡಿ ಅಂತ ಕೇಳಬೇಡಿ. ಯಾವುದರ ಮುಂದೆ ಆಟೋದವರು ನಿಂತು ತಿಂತಿದ್ದಾರೋ ಅಲ್ಲಿ ನಿಲ್ಲಿ.

ಸಮಾಧಾನವಾಗಿ ಕೂತು ತಿನ್ನಬೇಕು, ಜೊತೆಗೆ ಅಪ್ಪ ಅಮ್ಮ ಇದ್ದಾರೆ ಅಂದ್ರೆ, ಪಬ್ಲಿಕ್ ಗಾರ್ಡನ್ ಒಳಗೆ ಪ್ರವಾಸೋದ್ಯಮ ನಿಗಮದ ಮಯೂರ ಬಹಮನಿ ಇದೆ. ಗಿಡಗಳ ನೆರಳು. ಈ ಊರಿನ ಮೇ ತಿಂಗಳಲ್ಲಿ ನೆರಳಿಗೂ ಬೆಲೆ ಇದೆ ರೀ.

ಇನ್ನು ಬೈಕ್ ಇದ್ರೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೋಗಿ. ಅಲ್ಲಿಯ ಕೆಂಪು ಬಾಳೆಹಣ್ಣು ಹುಡುಕಿ. ಸಿಪ್ಪೆ ಕೆಂಪು, ಒಳಗೆ ಕೆನೆ ಬಣ್ಣ. ಅದಕ್ಕೆ ಜಿಐ ಟ್ಯಾಗ್ ಇದೆ. ಬೆಳೆ ಕೈಗೆ ಬರೋಕೆ ಬೇರೆ ಬಾಳೆಗಿಂತ ಹೆಚ್ಚು ಕಾಲ ಬೇಕು, ಅದಕ್ಕೇ ರೇಟೂ ಹೆಚ್ಚು. ಸಾಹುಕಾರರ ಹಣ್ಣು ಅಂತಲೇ ನಮ್ಮ ಕಡೆ ಮಾತು. ಡಜನ್ ತಗೊಳ್ಳೋಕೆ ಆಗದಿದ್ರೆ ಎರಡೇ ತಗೊಳ್ಳಿ, ನಾಚಿಕೆ ಬೇಡ.

ಲಿಸ್ಟ್ ಮುಗೀತು. ಈಗ ಲಿಸ್ಟಿನಲ್ಲಿ ಇಲ್ಲದ ಜಾಗ.

ಖೂಬಾ ಪ್ಲಾಟ್ ಅಂದ್ರೆ ಕಲಬುರಗಿಯ ಹಸನಾದ ಬಡಾವಣೆ. ದೊಡ್ಡ ಮನೆ, ದವಾಖಾನೆ, ಒಳ್ಳೊಳ್ಳೆ ಅಂಗಡಿ. 2022ರಲ್ಲಿ ನಾನು ಅಲ್ಲೇ ಒಂದು ಮನೆಯ ಮಾಳಿಗೆ ಮೇಲಿನ ತಗಡಿನ ರೂಮಿನಲ್ಲಿದ್ದೆ. ನಾವು ಇಬ್ಬರು. ಬ್ಯಾಂಕ್ ಪರೀಕ್ಷೆಗೆ ಓದ್ತಿದ್ವಿ. ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ. ಒಂದು ಕಾರ್ ನಿಲ್ಲೋವಷ್ಟು ಜಾಗ. ಎರಡು ಉದ್ದ ಬೆಂಚು, ಎರಡು ಟೇಬಲ್, ಮೂಲೆಯಲ್ಲಿ ಒಲೆ. ನಡೆಸ್ತಿದ್ದವರು ಒಬ್ಬ ಹೆಣ್ಣುಮಗಳು. ಐವತ್ತು ದಾಟಿತ್ತು. ನಾವೆಲ್ಲ ಕಾಕು ಅಂತಿದ್ವಿ. ಹೆಸರು ಹೇಳಲ್ಲ, ಹೇಳಿದ್ರೆ ಅವರಿಗೆ ಸಿಟ್ಟು ಬರುತ್ತೆ.

ಅಲ್ಲಿ ತಾಟಿನಲ್ಲಿ ಏನಿರ್ತಿತ್ತು ಕೇಳಿ. ಎರಡು ಬಿಸಿ ಬಿಳಿಜೋಳದ ರೊಟ್ಟಿ. ಒಂದು ಕಾಳು ಪಲ್ಯ, ಒಂದು ಸೊಪ್ಪಿನ ಪಲ್ಯ ಅಥವಾ ಎಣ್ಣೆಗಾಯಿ. ಶೇಂಗಾ ಹಿಂಡಿ, ಅದರ ಮೇಲೆ ಮೊಸರು. ಹಸಿ ಉಳ್ಳಾಗಡ್ಡಿ, ಎಳೇ ಮೆಂತ್ಯದ ಸೊಪ್ಪು. ಆಮೇಲೆ ಅನ್ನ, ತೊಗರಿಬ್ಯಾಳಿ. ಬ್ಯಾಳಿ ಅಂದ್ರೆ ಸುಮ್ಮನೆ ಅಲ್ಲ, ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದೆ. ಬರೀ ಉಪ್ಪು, ಅರಿಶಿನ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ರೂ ರುಚಿ ಬರುತ್ತೆ. ಒಂದು ಊಟಕ್ಕೆ ಅರವತ್ತು ರೂಪಾಯಿ. ತಿಂಗಳ ಲೆಕ್ಕದವರಿಗೆ ನಲವತ್ತು. ರೊಟ್ಟಿ ಎಷ್ಟು ತಿಂದರೂ ಕಾಕು ಎಣಿಸ್ತಿರಲಿಲ್ಲ.

ರೊಟ್ಟಿ ಬಡಿಯೋದನ್ನ ಹತ್ತಿರದಿಂದ ನೋಡೀರೇನು? ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಅಂಟು ಇಲ್ಲ. ಕುದಿಯೋ ನೀರು ಹಾಕಿ, ಬಿಸಿ ಇದ್ದಾಗಲೇ ನಾದಬೇಕು. ಲಟ್ಟಿಸೋಕೆ ಹೋದ್ರೆ ಹರಿಯುತ್ತೆ. ಅಂಗೈಯಿಂದ ತಟ್ಟಿ ತಟ್ಟಿ ಅಗಲ ಮಾಡ್ಬೇಕು. ಹಂಚಿನ ಮೇಲೆ ಹಾಕಿ ನೀರು ಸವರಿ, ಆಮೇಲೆ ಬೆಂಕಿಗೆ ಹಿಡಿದ್ರೆ ಪುರಿ ಹಾಗೆ ಉಬ್ಬುತ್ತೆ. ಒಂದು ರೊಟ್ಟಿ ಚಂದ ಕಾಣುತ್ತೆ. ದಿನಕ್ಕೆ ಇನ್ನೂರು ಬಡಿಯೋರ ಹೆಗಲು ರಾತ್ರಿ ಏನಾಗುತ್ತೆ ಅನ್ನೋದು ನಾನು ಆಗ ಯೋಚನೆ ಮಾಡಿರಲಿಲ್ಲ.

ಆ ವರ್ಷ ಮಳೆ ಜಾಸ್ತಿ ಆಯ್ತು. ನಮ್ಮಪ್ಪ ಆಳಂದ ತಾಲ್ಲೂಕಿನಲ್ಲಿ ತೊಗರಿ ಬೆಳೀತಾರೆ. ಕಾಯಿ ಕಟ್ಟೋ ಹೊತ್ತಿಗೆ ನೆಟೆ ರೋಗ ಬಂತು. ಮಣ್ಣಿನಲ್ಲಿರೋ ಶಿಲೀಂಧ್ರ ಬೇರಿನಿಂದ ಮೇಲೆ ಹತ್ತುತ್ತೆ, ನಿಂತ ಗಿಡ ನಿಂತಲ್ಲೇ ಒಣಗುತ್ತೆ. ಜಿಲ್ಲೆಯಲ್ಲಿ ಎಷ್ಟೋ ಹೊಲ ಹಾಗೇ ಹೋದವು. ಸರ್ಕಾರ ಆಮೇಲೆ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪರಿಹಾರ ಅಂತ ಹೇಳ್ತು. ಆದ್ರೆ ನವೆಂಬರ್‌ನಲ್ಲಿ ಅಪ್ಪ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಈ ತಿಂಗ್ಳ ರೊಕ್ಕ ಕಳ್ಸಕ್ಕಾಗಲ್ಲಪ್ಪಾ. ಮುಂದಿನ ತಿಂಗ್ಳ ನೋಡಮು."

ನಾನು ಏನು ಮಾಡ್ದೆ? ಖಾನಾವಳಿಗೆ ಹೋಗೋದನ್ನೇ ಬಿಟ್ಟೆ. ಸಾಲ ಕೇಳೋಕೆ ನಾಚಿಕೆ. ಬೇಕರಿಯ ಬನ್ನು, ಚಹಾ. ರೂಮಿನ ಗೆಳೆಯನಿಗೆ ಹೊಟ್ಟೆ ಸರಿ ಇಲ್ಲ ಅಂತ ಸುಳ್ಳು ಹೇಳ್ತಿದ್ದೆ. ಐದನೇ ದಿನ ಕಾಕು ಅವನನ್ನ ಕೇಳಿದ್ರಂತೆ. ಅವನು ಏನು ಹೇಳಿದ್ನೋ ಗೊತ್ತಿಲ್ಲ. ಸಂಜೆ ಮಾಳಿಗೆ ಮೆಟ್ಟಿಲು ಹತ್ತಿ ಕಾಕುನೇ ಬಂದ್ರು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, "ತಮ್ಮಾ, ಊಟ ಯಾಕ ಬಿಟ್ಟಿ?" ಅಂದ್ರು.

"ಊರಿಂದ ರೊಕ್ಕ ಬಂದಿಲ್ರಿ ಕಾಕು."

"ರೊಕ್ಕ ಬಂದಿಲ್ಲಂದ್ರ ಬಾಯಿ ಕಟ್ಟಿತೇನು? ನನ್ನ ಹತ್ರ ವಹಿ ಅದ. ಬರ್ಸಿ ತಿನ್ನು. ಪರೀಕ್ಷಾ ನಾ ಬರಿಯಾಂಗಿಲ್ಲ, ನೀನೇ ಬರೀಬೇಕು."

ಅಷ್ಟೇ. ಇಳಿದು ಹೋದ್ರು. ಅವತ್ತು ರಾತ್ರಿ ಆರು ರೊಟ್ಟಿ ತಿಂದೆ. ಲೆಕ್ಕ ನನಗೇ ನೆನಪಿದೆ.

ಡಿಸೆಂಬರ್ ಕೊನೆಗೆ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಎಲ್ಲರೂ ಹೊಲಕ್ಕೆ ಹೋಗ್ತಾರೆ, ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಕಡುಬು ಒಯ್ದು ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ತಾರೆ. ನಾನು ಹೋಗಲಿಲ್ಲ. ಅಪ್ಪ ಒಣಗಿದ ಗಿಡಗಳ ನಡುವೆ ಚರಗ ಚೆಲ್ಲೋದನ್ನ ನೋಡೋ ಧೈರ್ಯ ಇರಲಿಲ್ಲ. ರಾತ್ರಿ ಫೋನಿನಲ್ಲಿ ಕೇಳ್ದೆ, ಈ ಸಲನೂ ಚೆಲ್ಲಿದ್ಯಾ ಅಂತ. "ಚೆಲ್ಲಲಾರ್ದ ಇರ್ತಾರೇನು? ಭೂಮಿದೇನ್ ತಪ್ಪದ?" ಅಂದ ಅಪ್ಪ. ಅವತ್ತು ಖಾನಾವಳಿಯಲ್ಲೂ ಭಜ್ಜಿ, ಸಜ್ಜಿ ರೊಟ್ಟಿ ಇತ್ತು. ಕಾಕು ಅದನ್ನ ವಹಿಯಲ್ಲಿ ಬರೆಯಲಿಲ್ಲ. ಹಬ್ಬದ್ದು ಬರೀಬಾರ್ದು ಅಂದ್ರು.

ಮೂರು ತಿಂಗಳು ಹಾಗೆ ತಿಂದೆ. ಮಾರ್ಚ್‌ನಲ್ಲಿ ರೂಮ್ ಖಾಲಿ ಮಾಡಿ ಊರಿಗೆ ಹೋಗೋವಾಗ ನನ್ನ ಲೆಕ್ಕದಲ್ಲಿ ಬಾಕಿ 4,640 ರೂಪಾಯಿ. ಕೆಲಸ ಸಿಕ್ಕಿದ ಮೇಲೆ ಕೊಡ್ತೀನಿ ಅಂದೆ. ಆಯ್ತು ಅಂದ್ರು. ವಿಳಾಸ ಕೇಳಲಿಲ್ಲ, ನಂಬರ್ ಕೇಳಲಿಲ್ಲ.

ಕೆಲಸ ಸಿಕ್ಕಿದ್ದು ಒಂದು ವರ್ಷದ ಮೇಲೆ, ಬೆಂಗಳೂರಿನಲ್ಲಿ. ಮೊದಲ ಸಂಬಳ ಬಂತು, ಕೊಡಲಿಲ್ಲ. ಎರಡನೇದು ಬಂತು, ಫೋನ್ ಇಎಂಐ. ಮೂರನೇದು, ಗೆಳೆಯರ ಜೊತೆ ಟ್ರಿಪ್. ಕಾಕು ಕಾಯ್ತಾರೆ ಬಿಡು ಅನ್ನೋ ಲೆಕ್ಕ. ಇದನ್ನ ಮೈಕ್ ಮುಂದೆ ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ. ಎಂಟು ತಿಂಗಳು ನಾನು ಕೊಡಲಿಲ್ಲ.

ಕೊನೆಗೆ ದೀಪಾವಳಿಗೆ ಊರಿಗೆ ಬಂದಾಗ ಹೋದೆ. ಆ ಓಣಿಯಲ್ಲಿ ಖಾನಾವಳಿ ಇಲ್ಲ. ಶಟರ್‌ಗೆ ಹೊಸ ಬಣ್ಣ, ಒಳಗೆ ಗಾಜಿನ ಬಾಗಿಲಿನ ಅಂಗಡಿ. ಪಕ್ಕದ ಕಿರಾಣಿಯವರನ್ನ ಕೇಳಿದ್ರೆ, ಬಾಡಿಗೆ ಹೆಚ್ಚಾಯ್ತು, ರೊಟ್ಟಿ ಬಡಿಯೋಕೆ ಬರ್ತಿದ್ದ ಇಬ್ಬರು ಬಿಟ್ಟು ಹೋದ್ರು, ಕಾಕುಗೆ ಹೆಗಲು ನೋವು, ಮುಚ್ಚಿಬಿಟ್ರು ಅಂದ್ರು. ನನಗೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಾಯ್ತು. ನನ್ನ 4,640 ರೂಪಾಯಿಯಿಂದ ಆ ಅಂಗಡಿ ಉಳೀತಿತ್ತು ಅಂತಲ್ಲ. ಆದ್ರೆ ಹಾಗೆ ಬರೆಸಿ ಹೋದವನು ನಾನೊಬ್ಬನೇ ಅಲ್ಲವಲ್ಲ.

ಎರಡು ದಿನ ಕೇಳ್ತಾ ಕೇಳ್ತಾ ಮನೆ ಸಿಕ್ತು. ಶರಣಬಸವೇಶ್ವರ ಗುಡಿಯಿಂದ ಆಚೆ ಒಂದು ಸಣ್ಣ ಮನೆ. ಕಾಕು ಗುರುತು ಹಿಡಿದ್ರು. ಚಹಾ ಕೊಟ್ರು. ನಾನು ಐದು ಸಾವಿರ ಇಟ್ಟು, ಇಟ್ಕೊಳ್ರಿ ಕಾಕು ಅಂದೆ. ಸಿನಿಮಾದಲ್ಲಿ ಆದ್ರೆ ಬೇಡಪ್ಪಾ ಅಂತ ವಾಪಸ್ ಕೊಡ್ತಾರೆ. ಕಾಕು ಹಾಗೆ ಮಾಡಲಿಲ್ಲ. ಒಳಗೆ ಹೋಗಿ ಹಳೇ ವಹಿ ತಂದ್ರು. ಕನ್ನಡಕ ಹಾಕ್ಕೊಂಡು ಪುಟ ತಿರುವಿ, ಬೆರಳಿಟ್ಟು ಕೂಡಿಸಿದ್ರು. "4,720 ಅದ. ಒಂದಿನ ಗೆಳ್ಯಾನ ಊಟ ನಿನ್ನ ಹೆಸ್ರಾಗ ಬರ್ಸಿದ್ದಿ, ನೆನಪಿಲ್ಲೇನು?" ಅಂದ್ರು. 280 ರೂಪಾಯಿ ಎಣಿಸಿ ವಾಪಸ್ ಕೊಟ್ರು. ನನ್ನ ಹೆಸರಿನ ಮೇಲೆ ಅಡ್ಡ ಗೆರೆ ಎಳೆದ್ರು.

ಅದೇ ಪುಟದಲ್ಲಿ ಇನ್ನೂ ಐದಾರು ಹೆಸರು ಗೆರೆ ಇಲ್ಲದೇ ಇದ್ವು. ನಾನು ನೋಡಿದ್ದು ಅವರಿಗೂ ಗೊತ್ತಾಯ್ತು. ವಹಿ ಮುಚ್ಚಿದ್ರು.

ಈಗ ಕಾಕು ಮನೆಯಲ್ಲೇ ಆರ್ಡರ್ ಇದ್ದಷ್ಟು ಖಡಕ್ ರೊಟ್ಟಿ ಮಾಡ್ತಾರೆ, ಸೊಸೆ ಜೊತೆಗಿರ್ತಾಳೆ. ಊರಲ್ಲೂ ಆ ಕೆಲಸಕ್ಕೆ ಸ್ವಲ್ಪ ಬೆಲೆ ಬಂದಿದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳ ರೊಟ್ಟಿಗೆ ಈಗ 'ಕಲಬುರಗಿ ರೊಟ್ಟಿ' ಅನ್ನೋ ಬ್ರ್ಯಾಂಡ್ ಇದೆ. 2025ರ ಜೂನ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲೂ ಅದರ ಮಾತಾಡಿದ್ರು. ಅದನ್ನ ಹೇಳಿದ್ರೆ ಕಾಕು, "ಚಲೋ ಆಯ್ತು, ಹೆಗಲಿಗೂ ಒಂದು ಬ್ರ್ಯಾಂಡ್ ಮಾಡ್ಲಿ" ಅಂತ ನಕ್ರು.

ಗೆಳೆಯನಿಗೆ ಲಿಸ್ಟ್ ಕಳಿಸೋವಾಗ ಕೊನೆಯಲ್ಲಿ ಮೂರು ಸಾಲು ಸೇರಿಸ್ದೆ. ಅದನ್ನೇ ನಿಮಗೂ ಹೇಳಿ ಮುಗಿಸ್ತೀನಿ.

ಒಂದು, ನಾಲ್ಕು ದಿನದಲ್ಲಿ ಒಂದು ಊಟವಾದ್ರೂ ಖಾನಾವಳಿಯಲ್ಲಿ ಮಾಡು. ಮ್ಯಾಪ್‌ನಲ್ಲಿ ಹುಡುಕಬೇಡ, ದವಾಖಾನೆಯ ವಾಚ್‌ಮನ್‌ನ ಕೇಳು, ಅವನು ಎಲ್ಲಿ ಉಣ್ತಾನೆ ಅಂತ. ಎರಡು, ರೊಟ್ಟಿ ಬಿಸಿ ಇರೋವಾಗಲೇ ತಿನ್ನು, ಫೋಟೋ ಆಮೇಲೆ. ಮೂರನೇದು ಅವನಿಗಿಂತ ನಮ್ಮಂಥವರಿಗೆ. ಹಾಸ್ಟೆಲ್‌ನಲ್ಲಿ, ಪಿಜಿಯಲ್ಲಿ ಇದ್ದಾಗ ಯಾವುದಾದ್ರೂ ವಹಿಯಲ್ಲಿ ನಿಮ್ಮ ಹೆಸರು ಗೆರೆ ಇಲ್ಲದೇ ಉಳಿದಿದ್ರೆ, ಈ ಸಂಚಿಕೆ ಮುಗಿದ ಮೇಲೆ ಒಂದು ಫೋನ್ ಮಾಡಿ. ಅಂಗಡಿ ಮುಚ್ಚಿರಬಹುದು. ವಹಿ ಇರುತ್ತೆ.

ಬರ್ತೀನ್ರಿ. ಮುಂದಿನ ವಾರ ಸಿಗೋಣ. ಊಟ ಮಾಡಿ ಮಲ್ಕೊಳ್ರಿ.